ಶೇಕಡಾ 24 ಎಂದರೆ ಏನು? ಸಸ್ಯಮೂಲ ಪೂರಕಗಳೊಳಗಿನ ಸಂಯುಕ್ತಗಳನ್ನು ಪ್ರಯೋಗಾಲಯ ಅಳೆಯುವ ಬಗೆ

ಗಿಂಕ್ಗೊ ಎಲೆಯ ಸಾರದಿಂದ ಮಾಡಿದ ಮಾತ್ರೆಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳು ಅಚ್ಚಾಗಿರುತ್ತವೆ: ಶೇಕಡಾ 24ರಷ್ಟು ಫ್ಲೇವೋನ್ ಗ್ಲೈಕೋಸೈಡ್‌ಗಳು, ಶೇಕಡಾ 6ರಷ್ಟು ಟರ್ಪೀನ್ ಲ್ಯಾಕ್ಟೋನ್‌ಗಳು. ಅರಿಶಿನದ ಸಾರವಾದರೆ ಶೇಕಡಾ 95ರಷ್ಟು ಕರ್ಕ್ಯುಮಿನಾಯ್ಡ್‌ಗಳು ಎಂದು ಬರೆದಿರುತ್ತದೆ. ಹೆಸರುಗಳು ಅರ್ಥವಾಗದಿದ್ದರೂ ಅಂಕಿ ಅರ್ಥವಾಯಿತೆಂದು ನಮಗೆ ಅನ್ನಿಸುತ್ತದೆ. ಯಾರೋ ತಕ್ಕಡಿಯಲ್ಲಿಟ್ಟು ತೂಗಿಯೇ ಬರೆದಿರಬೇಕು ಎಂದುಕೊಳ್ಳುತ್ತೇವೆ. ಆದರೆ ಸಸ್ಯಸಾರದಲ್ಲಿ ಬೆರೆತುಹೋಗಿರುವ ಒಂದು ಸಂಯುಕ್ತವನ್ನು ನೇರವಾಗಿ ತೂಗಿ ಹೇಳುವ ತಕ್ಕಡಿ ಇಲ್ಲ. ಆ ಅಂಕಿ ಹಲವು ಹಂತಗಳ ಕೆಲಸ ಮುಗಿದ ಮೇಲೆ ಲೆಕ್ಕ ಹಾಕಿ ಪಡೆದ ಉತ್ತರ, ಮತ್ತು ಪ್ರಯೋಗಾಲಯವನ್ನು ಕೇಳಿದ ಪ್ರಶ್ನೆ ಯಾವುದೆಂದು ತಿಳಿಯದಿದ್ದರೆ ಉತ್ತರದ ಅರ್ಥವೂ ತಿಳಿಯುವುದಿಲ್ಲ.

ಇದನ್ನು ಸಾಮಾನ್ಯ ಓದುಗರೂ ತಿಳಿದಿರಬೇಕಾದುದಕ್ಕೆ ಒಂದು ಕಾರಣವಿದೆ. ಆಹಾರ ಪೂರಕಗಳನ್ನು ಕಾನೂನು ಔಷಧಿಗಳಂತೆ ನೋಡುವುದಿಲ್ಲ. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ, ಪೂರಕವೊಂದು ಮಾರುಕಟ್ಟೆಗೆ ಬರುವ ಮೊದಲು ಅದರ ಪರಿಣಾಮವನ್ನು ಸಾಬೀತುಪಡಿಸಿ ಸರ್ಕಾರದ ಅನುಮತಿ ಪಡೆಯುವ ಅಗತ್ಯವಿಲ್ಲ. 2007ರಲ್ಲಿ ಬಂದ ತಯಾರಿಕಾ ನಿಯಮಗಳು ಪದಾರ್ಥದ ಗುರುತು, ಶುದ್ಧತೆ ಮತ್ತು ಪ್ರಮಾಣವನ್ನು ಪರೀಕ್ಷಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿದವು. ಹೀಗಾಗಿ ಡಬ್ಬಿಯ ಮೇಲಿನ ಮಾತಿಗೂ ಒಳಗಿನ ಪುಡಿಗೂ ತಾಳೆ ನೋಡುವ ಕೆಲಸ ಬಹುಮಟ್ಟಿಗೆ ಪ್ರಯೋಗಾಲಯದ ಪರೀಕ್ಷೆಯ ಮೇಲೆಯೇ ನಿಂತಿದೆ.

ಗಿಡ ಒಂದೇ, ಒಳಗಿನ ಸಂಯುಕ್ತಗಳು ನೂರಾರು

ವಿಟಮಿನ್ ಸಿ ಮಾತ್ರೆಯನ್ನು ಪರೀಕ್ಷಿಸುವುದು ಹೋಲಿಕೆಯಲ್ಲಿ ಸುಲಭ. ಹುಡುಕಬೇಕಾದದ್ದು ಒಂದೇ ರಾಸಾಯನಿಕ; ಅದರ ರಚನೆ ಗೊತ್ತು, ಶುದ್ಧ ರೂಪದಲ್ಲಿ ಅದು ದೊರೆಯುತ್ತದೆ. ಎಲೆ, ಬೇರು ಅಥವಾ ತೊಗಟೆಯ ಮಾತು ಬೇರೆ. ಒಂದೇ ಎಲೆಯಲ್ಲಿ ಸಕ್ಕರೆಗಳು, ಪ್ರೋಟೀನ್‌ಗಳು, ಮೇಣ ಮತ್ತು ಬಣ್ಣಗಳ ಜೊತೆಗೆ, ಕೀಟಗಳಿಂದಲೂ ಬಿಸಿಲಿನಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಗಿಡ ತಯಾರಿಸಿಕೊಂಡ ನೂರಾರು ಸಂಯುಕ್ತಗಳಿರುತ್ತವೆ. ಗಿಡದ ವಯಸ್ಸು, ಕೊಯ್ಲಿನ ಕಾಲ, ಮಣ್ಣು, ಒಣಗಿಸಿದ ರೀತಿ ಮತ್ತು ದಾಸ್ತಾನು ಮಾಡಿದ ಅವಧಿ ಬದಲಾದಂತೆ ಅವುಗಳ ಪ್ರಮಾಣವೂ ಬದಲಾಗುತ್ತದೆ. ಅದೇ ಗಿಡವನ್ನು ನೀರಿನಲ್ಲಿ ಕುದಿಸಿ ತೆಗೆದ ಸಾರಕ್ಕೂ ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರಕ್ಕೂ ರಾಸಾಯನಿಕವಾಗಿ ಬಹಳ ಅಂತರವಿರುತ್ತದೆ.

ಇಷ್ಟೆಲ್ಲವನ್ನೂ ಅಳೆಯುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಆ ಗಿಡಕ್ಕೆ ವಿಶಿಷ್ಟವಾದ ಒಂದೆರಡು ಸಂಯುಕ್ತಗಳನ್ನು ಆರಿಸಿಕೊಂಡು ಅವುಗಳನ್ನು ಮಾತ್ರ ಅಳೆಯುತ್ತಾರೆ. ಇವುಗಳಿಗೆ ಮಾರ್ಕರ್, ಅಂದರೆ ಗುರುತು ಸಂಯುಕ್ತ ಎಂದು ಹೆಸರು. ಪ್ರತಿ ಬ್ಯಾಚಿನಲ್ಲಿಯೂ ಗುರುತು ಸಂಯುಕ್ತ ಇಂತಿಷ್ಟೇ ಇರುವಂತೆ ಹದಗೊಳಿಸಿದ ಸಾರವನ್ನು ಪ್ರಮಾಣೀಕೃತ ಸಾರ ಎನ್ನುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಹುಟ್ಟುತ್ತದೆ. ಗುರುತು ಸಂಯುಕ್ತವೇ ದೇಹದ ಮೇಲೆ ಪರಿಣಾಮ ಬೀರುವ ಸಂಯುಕ್ತವಾಗಿರಬೇಕೆಂದೇನೂ ಇಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡದ ಸಾರವನ್ನು ದೀರ್ಘಕಾಲ ಹೈಪರಿಸಿನ್ ಎಂಬ ಕೆಂಪು ಬಣ್ಣದ ಸಂಯುಕ್ತದ ಆಧಾರದ ಮೇಲೆ, ಶೇಕಡಾ 0.3ಕ್ಕೆ, ಪ್ರಮಾಣೀಕರಿಸುತ್ತಿದ್ದರು. ಮುಂದೆ ಸಂಶೋಧಕರ ಗಮನ ಹೈಪರ್‌ಫೋರಿನ್ ಎಂಬ ಮತ್ತೊಂದು ಸಂಯುಕ್ತದ ಕಡೆಗೆ ಹೊರಳಿತು. ಹೈಪರ್‌ಫೋರಿನ್ ಬೆಳಕಿಗೂ ಗಾಳಿಗೂ ಬೇಗ ಕೆಡುತ್ತದೆ. ಹೀಗಿರುವಾಗ ಎರಡು ಡಬ್ಬಿಗಳಲ್ಲಿ ಹೈಪರಿಸಿನ್ ಸರಿಸಮವಾಗಿದ್ದೂ ಹೈಪರ್‌ಫೋರಿನ್ ಒಂದರಲ್ಲಿ ಚೆನ್ನಾಗಿ ಉಳಿದು ಇನ್ನೊಂದರಲ್ಲಿ ಬಹುತೇಕ ಇಲ್ಲವಾಗಿರಬಹುದು. ಲೇಬಲ್ ಮೇಲಿನ ಅಂಕಿ ಮಾತ್ರ ಎರಡಕ್ಕೂ ಒಂದೇ.

ಮೊದಲು ಕೇಳಬೇಕಾದದ್ದು: ಇದು ಯಾವ ಗಿಡ?

ಎಷ್ಟಿದೆ ಎಂದು ಅಳೆಯುವ ಮುಂಚೆ ಏನಿದೆ ಎಂದು ತಿಳಿಯಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ, ತೂಕ ಇಳಿಸುವ ಚಿಕಿತ್ಸೆ ಪಡೆದಿದ್ದ ಮಹಿಳೆಯರಲ್ಲಿ ಹಲವರ ಮೂತ್ರಪಿಂಡಗಳು ಕೆಲವೇ ತಿಂಗಳುಗಳಲ್ಲಿ ಹಾಳಾದವು. ಅವರಿಗೆ ಕೊಟ್ಟಿದ್ದ ಗುಳಿಗೆಗಳಲ್ಲಿ ಸ್ಟೆಫಾನಿಯ ಟೆಟ್ರಾಂಡ್ರ ಎಂಬ ಗಿಡದ ಬೇರು ಇರಬೇಕಾಗಿತ್ತು. ಅದರ ಜಾಗದಲ್ಲಿ ಅರಿಸ್ಟಲೋಕಿಯ ಫಾಂಗ್‌ಚಿ ಎಂಬ ಬೇರೆಯೇ ಗಿಡದ ಬೇರು ಸೇರಿಕೊಂಡಿತ್ತು. ಚೀನೀ ವ್ಯಾಪಾರದಲ್ಲಿ ಮೊದಲನೆಯದಕ್ಕೆ ಹಾನ್ ಫಾಂಗ್ ಜಿ ಎಂದೂ ಎರಡನೆಯದಕ್ಕೆ ಗುವಾಂಗ್ ಫಾಂಗ್ ಜಿ ಎಂದೂ ಹೆಸರು. ಹೆಸರಿನ ಹೋಲಿಕೆ ಇಷ್ಟಕ್ಕೆ ಸಾಕಾಯಿತು. ಅರಿಸ್ಟಲೋಕಿಯದಲ್ಲಿರುವ ಅರಿಸ್ಟಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ವಿಷ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ. ನೂರಕ್ಕೂ ಹೆಚ್ಚು ಮಂದಿ ಬಾಧಿತರಾದರು, ಅವರಲ್ಲಿ ಎಷ್ಟೋ ಜನರಿಗೆ ಮೂತ್ರಪಿಂಡದ ಕಸಿ ಅಥವಾ ಡಯಾಲಿಸಿಸ್ ಬೇಕಾಯಿತು. ಎರಡು ಬೇರುಗಳನ್ನೂ ಬೇರ್ಪಡಿಸಿ ಹೇಳಬಲ್ಲ ಪರೀಕ್ಷೆ ಆ ಕಾಲಕ್ಕೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ ಎಂಬುದು ಈ ಪ್ರಕರಣದಲ್ಲಿ ಮನಸ್ಸನ್ನು ಬಹಳ ಕಲಕುವ ಸಂಗತಿ.

ಬೇರು, ಎಲೆಗಳು ಇಡಿಯಾಗಿ ಬಂದರೆ ಬಲ್ಲವರ ಕಣ್ಣೇ ಗುರುತಿಸುತ್ತದೆ. ಪುಡಿಯಾಗಿ ಬಂದರೆ ಸೂಕ್ಷ್ಮದರ್ಶಕ ಬೇಕು. ಎಲೆಯ ಮೇಲಿನ ರೋಮಗಳು, ಪಿಷ್ಟದ ಕಣಗಳು, ಹರಳುಗಳು ಪ್ರತಿ ಗಿಡದಲ್ಲಿಯೂ ತಮ್ಮದೇ ಆಕಾರದಲ್ಲಿರುತ್ತವೆ. ಸಾರವಾಗಿ ಬಂದರೆ ಜೀವಕೋಶಗಳೇ ಉಳಿದಿರುವುದಿಲ್ಲ, ನೋಡಲು ಏನೂ ಇರುವುದಿಲ್ಲ. ಅಲ್ಲಿಂದ ಮುಂದಿನದು ರಸಾಯನಶಾಸ್ತ್ರದ ಕೆಲಸ.

ಡಿಎನ್‌ಎ ಪರೀಕ್ಷೆ ಏಕಾಗದು ಎಂದು ಕೇಳಬಹುದು. 2015ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ, ನಾಲ್ಕು ದೊಡ್ಡ ಮಾರಾಟ ಸಂಸ್ಥೆಗಳ ಪೂರಕಗಳನ್ನು ಡಿಎನ್‌ಎಯ ಒಂದು ತುಣುಕಿನಿಂದ ಗಿಡವನ್ನು ಗುರುತಿಸುವ ಡಿಎನ್‌ಎ ಬಾರ್‌ಕೋಡಿಂಗ್‌ಗೆ ಒಳಪಡಿಸಿ, ಲೇಬಲ್‌ನಲ್ಲಿ ಹೇಳಿದ ಗಿಡದ ಡಿಎನ್‌ಎ ಕೇವಲ ಶೇಕಡಾ 21ರಷ್ಟು ಪರೀಕ್ಷೆಗಳಲ್ಲಿ ಕಂಡುಬಂದಿತೆಂದು ಪ್ರಕಟಿಸಿತು. ಸುದ್ದಿ ದೊಡ್ಡದಾಯಿತು. ಆದರೆ ಪರೀಕ್ಷೆಗೊಳಪಟ್ಟವುಗಳಲ್ಲಿ ಹಲವು ಸಾರಗಳಾಗಿದ್ದವು. ಸಾರ ತೆಗೆಯುವಾಗಿನ ಕಾವು ಮತ್ತು ದ್ರಾವಕಗಳಿಗೆ ಸಿಕ್ಕ ಡಿಎನ್‌ಎ ಎಳೆಗಳು ತುಂಡಾಗುತ್ತವೆ, ಸೋಸಿದಾಗ ಹೊರಗೇ ಉಳಿದುಬಿಡುತ್ತವೆ. ಆದ್ದರಿಂದ ಅಂಥ ಸಾರದಲ್ಲಿ ಡಿಎನ್‌ಎ ಸಿಗಲಿಲ್ಲವೆಂದ ಮಾತ್ರಕ್ಕೆ ಗಿಡವೇ ಇರಲಿಲ್ಲವೆಂದು ಹೇಳಲಾಗದು ಎಂಬ ಆಕ್ಷೇಪಣೆ ವಿಜ್ಞಾನಿಗಳಿಂದ ಬಂದಿತು. ಡಿಎನ್‌ಎ ಪರೀಕ್ಷೆ ಹಸಿ ಎಲೆಗೂ ಒಣ ಬೇರಿಗೂ ಬಹಳ ಒಳ್ಳೆಯದು. ಆದರೆ ಅದು ಎಲೆ ಯಾವುದು, ಬೇರು ಯಾವುದು ಎಂದು ಹೇಳಲಾರದು, ಏಕೆಂದರೆ ಒಂದೇ ಗಿಡದ ಎಲ್ಲ ಭಾಗಗಳಲ್ಲಿಯೂ ಡಿಎನ್‌ಎ ಒಂದೇ. ಅಶ್ವಗಂಧದ ಬೇರಿನ ಪುಡಿಗೆ ಅದೇ ಗಿಡದ ಎಲೆ ಬೆರೆಸಿದ್ದರೆ ಡಿಎನ್‌ಎ ಎರಡಕ್ಕೂ ಒಪ್ಪಿಗೆ ಕೊಡುತ್ತದೆ. ಎಲೆಯಲ್ಲಿ ಹೆಚ್ಚಾಗಿರುವ ಫ್ಲೇವೊನಾಯ್ಡ್ ಎಂಬ ಸಂಯುಕ್ತಗಳನ್ನು ಹುಡುಕುವ ರಾಸಾಯನಿಕ ಪರೀಕ್ಷೆ ಬೆರಕೆಯನ್ನು ತೋರಿಸಿಕೊಡುತ್ತದೆ.

ಬೆರೆತದ್ದನ್ನು ಬಿಡಿಸುವ ವಿದ್ಯೆ

ಬೆರೆತ ಸಂಯುಕ್ತಗಳನ್ನು ಒಂದೊಂದಾಗಿ ಬೇರ್ಪಡಿಸುವ ಕ್ರಮಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರು. ಇದು ಹುಟ್ಟಿದ್ದೇ ಎಲೆಯಿಂದ. ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಸ್ವೆಟ್ ಕಳೆದ ಶತಮಾನದ ಮೊದಲ ವರ್ಷಗಳಲ್ಲಿ, ವಾರ್ಸಾದಲ್ಲಿ, ಸೀಮೆಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿದ ಗಾಜಿನ ಕೊಳವೆಗೆ ಎಲೆಯ ಹಸಿರು ಸಾರವನ್ನು ಸುರಿದು ಮೇಲಿನಿಂದ ದ್ರಾವಕವನ್ನು ಹರಿಸಿದರು. ಒಂದೇ ಹಸಿರಾಗಿ ಕಾಣುತ್ತಿದ್ದ ಸಾರ ಕೊಳವೆಯಲ್ಲಿ ಇಳಿಯುತ್ತ ಹಸಿರು ಮತ್ತು ಹಳದಿಯ ಬೇರೆ ಬೇರೆ ಪಟ್ಟೆಗಳಾಗಿ ಬಿಡಿಸಿಕೊಂಡಿತು. 1906ರಲ್ಲಿ ಅವರು ಇದಕ್ಕೆ ಗ್ರೀಕ್ ಪದಗಳಿಂದ 'ಬಣ್ಣದ ಬರಹ' ಎಂಬ ಅರ್ಥ ಬರುವ ಹೆಸರಿಟ್ಟರು.

ಅಂಗಡಿಗಳು ಸಾಲುಗಟ್ಟಿದ ಉದ್ದನೆಯ ಬೀದಿಯನ್ನು ನೆನೆಸಿಕೊಳ್ಳಿ. ಒಂದು ತುದಿಯಿಂದ ನೂರು ಮಂದಿ ಒಟ್ಟಿಗೆ ಹೊರಡುತ್ತಾರೆ. ಅಂಗಡಿಗಳಲ್ಲಿ ಆಸಕ್ತಿಯಿಲ್ಲದವರು ನೇರವಾಗಿ ನಡೆದು ಬೇಗ ಇನ್ನೊಂದು ತುದಿಗೆ ಬರುತ್ತಾರೆ. ಪ್ರತಿ ಅಂಗಡಿಯಲ್ಲಿಯೂ ನಿಂತು ನೋಡುವವರು ತಡವಾಗಿ ಬರುತ್ತಾರೆ. ಕೊಳವೆಯೊಳಗಿನ ಪುಡಿ ಆ ಅಂಗಡಿಗಳಿದ್ದಂತೆ, ಹರಿಯುವ ದ್ರಾವಕ ಎಲ್ಲರನ್ನೂ ಮುಂದಕ್ಕೆ ನೂಕುವ ಬಲ. ಪುಡಿಗೆ ಅಂಟಿಕೊಳ್ಳುವ ಗುಣ ಹೆಚ್ಚಿರುವ ಸಂಯುಕ್ತ ತಡವಾಗಿಯೂ ಕಡಿಮೆ ಇರುವುದು ಬೇಗನೆಯೂ ಹೊರಬೀಳುತ್ತವೆ.

ಇಂದಿನ ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಎಚ್‌ಪಿಎಲ್‌ಸಿ (ಹೈ ಪರ್ಫಾರ್ಮೆನ್ಸ್ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ) ಯಂತ್ರ ಇದೇ ತತ್ವದ ನಯವಾದ ರೂಪ. ಗಾಜಿನ ಕೊಳವೆಯ ಜಾಗದಲ್ಲಿ ಗೇಣುದ್ದದ, ಒಳಗೆ 4.6 ಮಿಲಿಮೀಟರ್ ಅಗಲದ ಉಕ್ಕಿನ ಕೊಳವೆ ಇರುತ್ತದೆ. ಅದರೊಳಗೆ 5 ಮೈಕ್ರಾನ್ ಗಾತ್ರದ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಒತ್ತೊತ್ತಾಗಿ ತುಂಬಿರುತ್ತವೆ. ಮಾತ್ರೆಗಳನ್ನು ಅರೆದು ತೂಗಿ, ಮೆಥನಾಲ್‌ನಂಥ ದ್ರಾವಕದಲ್ಲಿ ಕದಡಿ, ಶ್ರವಣಾತೀತ ಕಂಪನದ ತೊಟ್ಟಿಯಲ್ಲಿಟ್ಟು ಸಂಯುಕ್ತಗಳನ್ನು ಬಿಡಿಸಿ, ಸೂಕ್ಷ್ಮ ರಂಧ್ರದ ಪೊರೆಯಲ್ಲಿ ಸೋಸಿ, ಬಂದ ತಿಳಿಯಿಂದ ಒಂದು ಹನಿಗೂ ಕಡಿಮೆ, ಅಂದರೆ ಸುಮಾರು 10 ಮೈಕ್ರೋಲೀಟರ್, ಯಂತ್ರಕ್ಕೆ ಕೊಡುತ್ತಾರೆ. ಪಂಪು ಅದನ್ನು ಹೆಚ್ಚಿನ ಒತ್ತಡದಲ್ಲಿ ಕೊಳವೆಯ ಮೂಲಕ ದೂಡುತ್ತದೆ. ಇನ್ನೊಂದು ತುದಿಯಲ್ಲಿ ಅತಿನೇರಳೆ ಬೆಳಕು ಹಾಯುತ್ತಿರುತ್ತದೆ. ಸಂಯುಕ್ತವೊಂದು ಹಾದುಹೋದಾಗಲೆಲ್ಲ ಬೆಳಕು ಅಷ್ಟು ಮಂಕಾಗುತ್ತದೆ. ಪರದೆಯ ಮೇಲೆ ಸಮತಟ್ಟಾಗಿ ಸಾಗುತ್ತಿದ್ದ ಗೆರೆ ಆ ಕ್ಷಣ ಬೆಟ್ಟದಂತೆ ಏರಿ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಒಂದು ಬೆಟ್ಟಸಾಲು ಸಿದ್ಧವಾಗುತ್ತದೆ. ಪರಿಣತರು ಅದರ ಒಟ್ಟು ಆಕಾರವನ್ನು ಗಿಡದ ಬೆರಳಚ್ಚು ಎನ್ನುತ್ತಾರೆ.

ಬೆಟ್ಟಸಾಲಿನಿಂದ ಅಂಕಿಗೆ

ಬೆಟ್ಟ ಕಂಡಿತು ಎಂದ ಮಾತ್ರಕ್ಕೆ ಅದು ಯಾವ ಸಂಯುಕ್ತದ್ದು, ಎಷ್ಟು ಮಿಲಿಗ್ರಾಮಿನದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಹೋಲಿಸಿ ನೋಡಲು ಅದೇ ಸಂಯುಕ್ತದ ಶುದ್ಧ ಮಾದರಿ ಬೇಕು. ಇದನ್ನು ರೆಫರೆನ್ಸ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಬಟ್ಟೆ ಅಳೆಯುವವರಿಗೆ ಅಳತೆಗೋಲು ಇದ್ದಂತೆ ಇದು. ಶುದ್ಧ ಮಾದರಿಯನ್ನು ನಾಲ್ಕೈದು ಗೊತ್ತಾದ ಪ್ರಮಾಣಗಳಲ್ಲಿ ಓಡಿಸಿ, ಪ್ರತಿಯೊಂದಕ್ಕೂ ಬಂದ ಬೆಟ್ಟದ ವಿಸ್ತೀರ್ಣವನ್ನು ಗುರುತಿಸಿದರೆ ಒಂದು ಸರಳ ರೇಖೆ ಸಿಗುತ್ತದೆ. ಪೂರಕದ ಮಾದರಿಯಲ್ಲಿ ಅದೇ ಹೊತ್ತಿಗೆ ಬಂದ ಬೆಟ್ಟದ ವಿಸ್ತೀರ್ಣವನ್ನು ಆ ರೇಖೆಯ ಮೇಲಿಟ್ಟು ಪ್ರಮಾಣವನ್ನು ಓದಿಕೊಳ್ಳುತ್ತಾರೆ. ಅಳತೆಗೋಲೇ ಡೊಂಕಾಗಿದ್ದರೆ, ಅಂದರೆ ಶೇಕಡಾ 98 ಶುದ್ಧವೆಂದು ಕೊಂಡ ಮಾದರಿ ತೇವ ಹೀರಿಕೊಂಡು ಶೇಕಡಾ 90ಕ್ಕೆ ಇಳಿದಿದ್ದರೆ, ಅಲ್ಲಿಂದ ಬರುವ ಎಲ್ಲ ಉತ್ತರಗಳೂ ವಾಸ್ತವಕ್ಕಿಂತ ಹೆಚ್ಚಾಗಿಯೇ ಬರುತ್ತವೆ, ಮತ್ತು ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇನ್ನೊಂದು ಅನುಮಾನವೂ ಉಳಿಯುತ್ತದೆ: ಮಾತ್ರೆಯಿಂದ ಸಂಯುಕ್ತ ಪೂರ್ತಿಯಾಗಿ ದ್ರಾವಕಕ್ಕೆ ಬಿಡಿಸಿಕೊಂಡಿದೆಯೇ? ಇದನ್ನು ತಿಳಿಯುವ ಉಪಾಯ ಸರಳವಾಗಿದೆ. ಮಾದರಿಗೆ ತಾವೇ ಒಂದು ಗೊತ್ತಾದ ಪ್ರಮಾಣದ ಶುದ್ಧ ಸಂಯುಕ್ತವನ್ನು ಬೆರೆಸಿ ಮತ್ತೆ ಅಳೆಯುತ್ತಾರೆ. 10 ಮಿಲಿಗ್ರಾಂ ಬೆರೆಸಿದಾಗ ಉತ್ತರ 10 ಮಿಲಿಗ್ರಾಮಿನಷ್ಟೇ ಏರಿದರೆ ಸರಿ. 7 ಮಾತ್ರ ಏರಿದರೆ ಎಲ್ಲೋ ಸೋರಿಹೋಗುತ್ತಿದೆ. ಹೀಗೆ ವಿಧಾನವನ್ನೇ ಪರೀಕ್ಷೆಗೆ ಒಡ್ಡುವುದಕ್ಕೆ ಮೌಲ್ಯೀಕರಣ ಎಂದು ಹೆಸರು.

ಶೇಕಡಾ 24ರ ಹಿಂದಿನ ಲೆಕ್ಕ

ಈಗ ಗಿಂಕ್ಗೊ ಡಬ್ಬಿಗೆ ಮರಳಬಹುದು. ಅದರ ಎಲೆಯಲ್ಲಿ ಫ್ಲೇವೋನ್ ಗ್ಲೈಕೋಸೈಡ್‌ಗಳು ಹಲವಾರು ಬಗೆಯವು; ಪ್ರತಿಯೊಂದಕ್ಕೂ ಶುದ್ಧ ಮಾದರಿ ಹೊಂದಿಸುವುದು ಕಷ್ಟ. ಆದರೆ ಅವೆಲ್ಲವೂ ಮೂರು ಮೂಲ ಅಣುಗಳಿಗೆ ಬೇರೆ ಬೇರೆ ಸಕ್ಕರೆಗಳು ಅಂಟಿಕೊಂಡು ಆದವು. ಆ ಮೂರು ಕ್ವೆರ್ಸೆಟಿನ್, ಕೆಂಫೆರಾಲ್ ಮತ್ತು ಐಸೋರಾಮ್ನೆಟಿನ್. ಆದ್ದರಿಂದ ಸಾರವನ್ನು ಆಮ್ಲದೊಂದಿಗೆ ಕುದಿಸಿ ಸಕ್ಕರೆಗಳನ್ನು ಕತ್ತರಿಸಿಹಾಕಿ, ಉಳಿದ ಮೂರನ್ನು ಮಾತ್ರ ಎಚ್‌ಪಿಎಲ್‌ಸಿಯಲ್ಲಿ ಅಳೆಯುತ್ತಾರೆ. ಕಳೆದುಹೋದ ಸಕ್ಕರೆಯ ತೂಕವನ್ನು ಸರಿದೂಗಿಸಲು ಮೊತ್ತವನ್ನು ಸುಮಾರು 2.51ರಿಂದ ಗುಣಿಸುತ್ತಾರೆ. 100 ಮಿಲಿಗ್ರಾಂ ಸಾರದಲ್ಲಿ ಮೂರೂ ಸೇರಿ 9.6 ಮಿಲಿಗ್ರಾಂ ಸಿಕ್ಕಿತೆನ್ನಿ, 2.51ರಿಂದ ಗುಣಿಸಿದಾಗ 24.1 ಬರುತ್ತದೆ. ಡಬ್ಬಿಯ ಮೇಲೆ ಅಚ್ಚಾಗುವುದು ಇದೇ 24.

ವಿಧಾನ ಜಾಣತನದ್ದು, ಆದರೆ ಅದರಲ್ಲಿ ಒಂದು ಬಾಗಿಲು ತೆರೆದೇ ಉಳಿದಿದೆ. ಕುದಿಸಿದ ಮೇಲೆ ಸಿಕ್ಕ ಕ್ವೆರ್ಸೆಟಿನ್ ಗಿಂಕ್ಗೊ ಎಲೆಯಿಂದಲೇ ಬಂದಿತೋ ಬೇರೆಲ್ಲಿಂದ ಬಂದಿತೋ ಎಂದು ಈ ಲೆಕ್ಕ ಕೇಳುವುದೇ ಇಲ್ಲ. ಜಪಾನೀ ಪಗೋಡ ಮರದ ಮೊಗ್ಗಿನಲ್ಲಿ ರುಟಿನ್ ಎಂಬ ಸಂಯುಕ್ತ ಹೇರಳವಾಗಿ, ಅಗ್ಗವಾಗಿ ಸಿಗುತ್ತದೆ; ಆಮ್ಲದಲ್ಲಿ ಕುದಿಸಿದರೆ ಅದೂ ಕ್ವೆರ್ಸೆಟಿನ್ ಆಗುತ್ತದೆ. ತೆಳುವಾದ ಗಿಂಕ್ಗೊ ಸಾರಕ್ಕೆ ರುಟಿನ್ ಬೆರೆಸಿ 24ಕ್ಕೆ ಏರಿಸಿದರೂ ಪರೀಕ್ಷೆ ತೇರ್ಗಡೆ ಮಾಡುತ್ತದೆ. ಇಂಥ ಕಲಬೆರಕೆ ನಿಜವಾಗಿಯೂ ನಡೆದಿದೆ, ಪದೇ ಪದೇ ವರದಿಯಾಗಿದೆ. ಅದನ್ನು ಹಿಡಿಯಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಸಾರವನ್ನು ಕುದಿಸದೆಯೇ ಯಂತ್ರಕ್ಕೆ ಕೊಟ್ಟು, ಬಿಡಿಯಾಗಿ ಇರಬಾರದಷ್ಟು ಕ್ವೆರ್ಸೆಟಿನ್ ಅಥವಾ ರುಟಿನ್ ಇದೆಯೇ ಎಂದು ನೋಡಬೇಕು. ಪಗೋಡ ಮರದ ಗುರುತಾದ ಜೆನಿಸ್ಟೀನ್ ಇಣುಕುತ್ತಿದೆಯೇ ಎಂದು ನೋಡಬೇಕು. ಬೆಟ್ಟಸಾಲಿನ ಒಟ್ಟು ಆಕಾರ ಗಿಂಕ್ಗೊ ಎಲೆಯದ್ದೇ ಎಂದು ಹೋಲಿಸಬೇಕು.

ಬೇರ್ಪಡಿಸದೆಯೇ ಅಳೆದರೆ ಮೋಸ ಇನ್ನೂ ಸುಲಭ. ಬಿಲ್ಬೆರಿ ಹಣ್ಣಿನ ಸಾರದ ಕೆಂಪು ಬಣ್ಣವನ್ನು ಒಂದೇ ತರಂಗಾಂತರದ ಬೆಳಕಿನಿಂದ ಅಳೆಯುವ ಪದ್ಧತಿ ಹಿಂದಿನಿಂದ ಇತ್ತು. ಅಮರಾಂತ್ ಎಂಬ ಕೃತಕ ಕೆಂಪು ಬಣ್ಣ ಬೆರೆಸಿದ ಸಾರ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತೆಂದು 2006ರಲ್ಲಿ ಪ್ರಕಟವಾಯಿತು. ಕೆಂಪು ಎಷ್ಟಿದೆ ಎಂದು ಕೇಳಿದ್ದಕ್ಕೆ ಯಂತ್ರ ಕೆಂಪು ಎಷ್ಟಿದೆ ಎಂದೇ ಹೇಳಿತು.

ಅರಿಶಿನದ ಸಂಗತಿ ಇನ್ನೂ ಸೂಕ್ಷ್ಮ. ಕಾರ್ಖಾನೆಯಲ್ಲಿ ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ತಯಾರಿಸಿದ ಕರ್ಕ್ಯುಮಿನ್‌ನ ಅಣುವಿಗೂ ಅರಿಶಿನದ ಕೊಂಬಿನ ಕರ್ಕ್ಯುಮಿನ್‌ನ ಅಣುವಿಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ. ಕೊಂಬಿನ ಸಾರದಲ್ಲಿ ಕರ್ಕ್ಯುಮಿನ್ ಸುಮಾರು ಮುಕ್ಕಾಲು ಭಾಗವಿದ್ದು, ಅದರ ಇಬ್ಬರು ಸೋದರರಂತಿರುವ ಎರಡು ಕರ್ಕ್ಯುಮಿನಾಯ್ಡ್‌ಗಳೂ ಜೊತೆಗಿರುತ್ತವೆ. ಆ ಎರಡು ಕಾಣದಿದ್ದರೆ ಅನುಮಾನಪಡಬೇಕು. ಕೃತಕವಾದದ್ದನ್ನು ಸಹಜವಾದದ್ದರೊಂದಿಗೆ ಬೆರೆಸಿದ್ದರೆ ಕಾರ್ಬನ್-14ರ ನೆರವು ಪಡೆಯುತ್ತಾರೆ. ಬದುಕಿರುವ ಗಿಡ ಗಾಳಿಯಿಂದ ಈ ವಿಕಿರಣಶೀಲ ಇಂಗಾಲವನ್ನು ಹೀರಿಕೊಂಡಿರುತ್ತದೆ. ಅದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಪೆಟ್ರೋಲಿಯಂನಲ್ಲಿ ಉಳಿದೇ ಇರುವುದಿಲ್ಲ. ಪುರಾತತ್ತ್ವದವರು ಹಳೆಯ ಮೂಳೆಯ ಕಾಲ ತಿಳಿಯಲು ಬಳಸುವ ಪರೀಕ್ಷೆಯೇ ಇಲ್ಲಿ ಕರ್ಕ್ಯುಮಿನ್ ಗಿಡದ್ದೋ ಕಾರ್ಖಾನೆಯದ್ದೋ ಎಂದು ಹೇಳಿಬಿಡುತ್ತದೆ.

ಇರಬಾರದ್ದನ್ನು ಹುಡುಕುವುದು

ಗಿಡ ಮಣ್ಣಿನಿಂದ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ಹೀರಿಕೊಳ್ಳಬಹುದು; ಸರಿಯಾಗಿ ಒಣಗದಿದ್ದರೆ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು; ಕೀಟನಾಶಕ ಉಳಿದಿರಬಹುದು. ಲೋಹಗಳಿಗೆ, ಮಾದರಿಯನ್ನು ಸಾವಿರಾರು ಡಿಗ್ರಿ ಕಾವಿನ ಪ್ಲಾಸ್ಮಾದಲ್ಲಿ ಪರಮಾಣುಗಳಾಗಿ ಒಡೆದು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರವಿದೆ. ಇಲ್ಲಿ ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಲೈಂಗಿಕ ಶಕ್ತಿಗೆಂದೂ ತೂಕ ಇಳಿಸಲೆಂದೂ ಮಾರುವ ಪೂರಕಗಳಲ್ಲಿ ಸಿಲ್ಡೆನಾಫಿಲ್, ಸಿಬುಟ್ರಮಿನ್‌ನಂಥ ಔಷಧಿಗಳನ್ನು ಗುಟ್ಟಾಗಿ ಬೆರೆಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಸಿಕ್ಕಿವೆ. ಹೃದಯಕ್ಕೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ತಿಳಿಯದೆ ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಗುರುತು ಸಂಯುಕ್ತವನ್ನು ಅಳೆಯುವ ಪರೀಕ್ಷೆ ಇದನ್ನು ಕಾಣುವುದಿಲ್ಲ. ಹುಡುಕಬೇಕಾದ ಔಷಧಿಗಳ ಪಟ್ಟಿ ಹಿಡಿದು, ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಪ್ರತ್ಯೇಕವಾಗಿ ಹುಡುಕಬೇಕು. ಅದಕ್ಕಾಗಿಯೇ ಬೆರಕೆ ಮಾಡುವವರು ಔಷಧಿಯ ಅಣುವಿನ ಒಂದು ಮೂಲೆಯನ್ನು ಬದಲಿಸಿ, ಪಟ್ಟಿಯಲ್ಲಿಲ್ಲದ ಹೊಸ ರೂಪಗಳನ್ನು ಬಳಸುವುದೂ ಉಂಟು.

ಎರಡು ಪ್ರಯೋಗಾಲಯ, ಎರಡು ಉತ್ತರ

ಒಂದೇ ಬ್ಯಾಚಿನ ಮಾತ್ರೆಗಳನ್ನು ಎರಡು ಕಡೆ ಕೊಟ್ಟು ಬೇರೆ ಬೇರೆ ಅಂಕಿ ಬಂದರೆ ಒಬ್ಬರು ಸುಳ್ಳು ಹೇಳಿದ್ದಾರೆಂದು ತೀರ್ಮಾನಿಸಬೇಕಾಗಿಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲಿಯಂ ಹಾರ್ವಿಟ್ಜ್ ಮತ್ತು ಸಂಗಡಿಗರು, ಹಲವು ಪ್ರಯೋಗಾಲಯಗಳು ಕೂಡಿ ನಡೆಸಿದ್ದ ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 1980ರಲ್ಲಿ ಒಂದು ಕ್ರಮವನ್ನು ತೋರಿಸಿಕೊಟ್ಟರು: ಹುಡುಕುವ ವಸ್ತುವಿನ ಪ್ರಮಾಣ ನೂರು ಪಟ್ಟು ಕಡಿಮೆಯಾದಂತೆ ಪ್ರಯೋಗಾಲಯಗಳ ನಡುವಿನ ಚದುರುವಿಕೆ ಇಮ್ಮಡಿಯಾಗುತ್ತದೆ. ಸಂಯುಕ್ತ ಶೇಕಡಾ 1ರಷ್ಟು ಇದ್ದಾಗ ಚದುರುವಿಕೆ ಸುಮಾರು ಶೇಕಡಾ 4. ಹತ್ತು ಲಕ್ಷದಲ್ಲಿ ಒಂದು ಭಾಗವಿದ್ದಾಗ ಸುಮಾರು ಶೇಕಡಾ 16. ಆದ್ದರಿಂದ 24.1 ಮತ್ತು 23.5ರ ನಡುವಿನ ಅಂತರದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. 24 ಮತ್ತು 12ರ ನಡುವಿನ ಅಂತರಕ್ಕೆ ಮಾತ್ರ ವಿವರಣೆ ಬೇಕು; ಆಗಲೂ ಮೊದಲು ನೋಡಬೇಕಾದದ್ದು ಇಬ್ಬರೂ ಒಂದೇ ವಿಧಾನ ಬಳಸಿದ್ದಾರೆಯೇ ಎಂಬುದನ್ನು. ಬಣ್ಣದ ಗಾಢತೆಯಿಂದ ಅಳೆದ 'ಒಟ್ಟು' ಅಂಕಿ ಸಾಮಾನ್ಯವಾಗಿ ಎಚ್‌ಪಿಎಲ್‌ಸಿಯಲ್ಲಿ ಬಿಡಿಸಿ ಅಳೆದ ಅಂಕಿಗಿಂತ ದೊಡ್ಡದಾಗಿರುತ್ತದೆ, ಏಕೆಂದರೆ ಅದೇ ಬೆಳಕನ್ನು ಹೀರುವ ಇತರ ಸಂಯುಕ್ತಗಳೂ ಅದರಲ್ಲಿ ಸೇರಿಕೊಳ್ಳುತ್ತವೆ.

ವಿಶ್ಲೇಷಣಾ ಪ್ರಮಾಣಪತ್ರ ಕೈಗೆ ಬಂದಾಗ

ಕೆಲವು ತಯಾರಕರು ಪರೀಕ್ಷೆಯ ಫಲಿತಾಂಶವನ್ನು ಪ್ರಮಾಣಪತ್ರದ ರೂಪದಲ್ಲಿ ಗ್ರಾಹಕರಿಗೂ ಕೊಡುತ್ತಾರೆ. ಅದರಲ್ಲಿನ ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಹೊಂದದಿದ್ದರೆ ಅದು ಬೇರೆ ಮಾತ್ರೆಗಳ ಪತ್ರ. ಪರೀಕ್ಷಿಸಿದ್ದು ಕೊಂಡು ತಂದ ಸಾರವನ್ನೋ, ತಯಾರಾದ ಮಾತ್ರೆಯನ್ನೋ ಎಂಬುದೂ ಮುಖ್ಯ, ಏಕೆಂದರೆ ಒಳ್ಳೆಯ ಸಾರವನ್ನು ಮಾತ್ರೆಗೆ ಕಡಿಮೆ ಹಾಕಿರಲೂಬಹುದು. ಪ್ರತಿ ಫಲಿತಾಂಶದ ಎದುರು ವಿಧಾನದ ಹೆಸರಿರಬೇಕು. ಪ್ರಯೋಗಾಲಯಕ್ಕೆ ಐಎಸ್‌ಒ/ಐಇಸಿ 17025 (ಪ್ರಯೋಗಾಲಯಗಳ ಸಾಮರ್ಥ್ಯಕ್ಕೆ ಇರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದ್ದರೆ ಅದು ಯಾವ ಪರೀಕ್ಷೆಗಳಿಗೆ ಎಂದೂ ಕೇಳಬಹುದು. ಲೋಹಗಳ ಪರೀಕ್ಷೆಗೆ ಸಿಕ್ಕ ಮಾನ್ಯತೆ ಫ್ಲೇವೊನಾಯ್ಡ್‌ಗಳ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಅಂಕಿಯ ಜಾಗದಲ್ಲಿ ಬರೀ 'ಅನುಗುಣವಾಗಿದೆ' ಎಂದಿದ್ದರೆ ಅಳೆದ ಅಂಕಿಯನ್ನೇ ಕೇಳಿ ಪಡೆಯುವುದು ಮೇಲು.

ಸೀಸದ ಎದುರು 'ಪತ್ತೆಯಾಗಿಲ್ಲ' ಎಂದು ಬರೆದಿದ್ದರೆ ಅದನ್ನು ಸೊನ್ನೆ ಎಂದು ಓದಬಾರದು. ಪ್ರತಿ ವಿಧಾನಕ್ಕೂ ಅದು ಕಾಣಬಲ್ಲ ಕನಿಷ್ಠ ಪ್ರಮಾಣವೊಂದಿರುತ್ತದೆ, ಅದಕ್ಕಿಂತ ಕಡಿಮೆ ಇರುವುದು ಯಂತ್ರಕ್ಕೆ ಕಾಣುವುದಿಲ್ಲ. ಆ ಕನಿಷ್ಠ ಪ್ರಮಾಣ ಕಾನೂನಿನ ಮಿತಿಗಿಂತ ಬಹಳ ಕೆಳಗಿದ್ದರೆ 'ಪತ್ತೆಯಾಗಿಲ್ಲ' ಎಂಬ ಮಾತಿಗೆ ತೂಕವಿದೆ. ಮಿತಿಗಿಂತ ಮೇಲಿದ್ದರೆ ಮಾತ್ರೆಯಲ್ಲಿ ಮಿತಿ ಮೀರಿದ ಸೀಸವಿದ್ದರೂ ಪತ್ರದಲ್ಲಿ ಅದೇ ಮಾತು ಬರುತ್ತದೆ. ಒಳ್ಳೆಯ ಪ್ರಮಾಣಪತ್ರದಲ್ಲಿ ಆ ಕನಿಷ್ಠ ಪ್ರಮಾಣವನ್ನೂ ಪಕ್ಕದಲ್ಲಿಯೇ ನಮೂದಿಸಿರುತ್ತಾರೆ.